ಬಾಣಲೆ ಮೀನುಗಳಿಗೆ ತಕ್ಕ ಎರೆ

ಹೊಲದಲ್ಲಿ ಪೈರು ಒತ್ತಾಗಿ ಹುಟ್ಟಿದರೆ ಬೇಸಾಯಗಾರನು ಹೆಚ್ಚಿನ ಸಸಿಗಳನ್ನು ತೆಗೆದು ಉಳಿದವುಗಳಿಗೆ ಎಡೆ ಮಾಡಿಕೊಡುತ್ತಾನೆ. ರಾಗಿಯ ಹೊಲದಲ್ಲಿ ಕುಂಟೆ ಹೊಡೆಯುವುದರ ಉದ್ದೇಶಗಳಲ್ಲಿ ಇದೂ ಒಂದು. ನೀರಿನಲ್ಲಿ ಬೆಳೆಯುವ ಮೀನಿಗೂ ಇದೇ ನಿಯಮವು ಸಲ್ಲುವುದೆಂಬ ಸಂಗತಿಯು ಮಾತ್ರ ಅಷ್ಟಾಗಿ ಪ್ರಚಾರದಲ್ಲಿಲ್ಲ. ಒಂದು ಕೊಳವು ಒಂದು ಗೊತ್ತಾದ ತೂಕದ ಮೀನನ್ನು ಮಾತ್ರ ಪೋಷಿಸಬಲ್ಲುದು. ಆ ತೂಕವು ನೂರು ಮೀನುಗಳಲ್ಲಿ ಹಂಚಿಹೋದರೆ ಒಂದೊಂದೂ ಅಂಗೈಯಗಲ ಬೆಳೆಯುತ್ತದೆ. ಸಾವಿರ ಮೀನುಗಳಲ್ಲಿ ಹಂಚಿಹೋದರೆ ಎಲ್ಲವೂ ಬೆರಳುದ್ದಕ್ಕೇ ನಿಂತುಬಿಡುತ್ತವೆ. ಕೊಳದ ತುಂಬ ಮೀನಿದ್ದರೂ ಮನೆಯವರ ತಟ್ಟೆಗೆ ಬರುವಂಥದು ಒಂದೂ ಇಲ್ಲವೆಂಬ ದೂರು ಹುಟ್ಟುವುದು ಈ ಕಾರಣದಿಂದಲೇ. ಇದಕ್ಕೆ ಅಮೆರಿಕಾ ಸಂಯುಕ್ತ ಸಂಸ್ಥಾನಗಳ ರೈತರು ಕೈಗೊಂಡ ಉಪಾಯಗಳಲ್ಲಿ ಗಾಳವೂ ಒಂದು. ಗಾಳಕ್ಕೆ ಯಾವ ಎರೆಯನ್ನು ಸಿಕ್ಕಿಸಬೇಕೆಂಬ ಪ್ರಶ್ನೆಯು ಆ ದೇಶದಲ್ಲಿ ಬರಿಯ ವಿನೋದದ ಪ್ರಶ್ನೆಯಾಗಿಲ್ಲ.

ಆ ದೇಶದಲ್ಲಿ ಹುರಿಯುವ ಬಾಣಲೆಯಲ್ಲಿ ಇಡಿಯಾಗಿ ಹಿಡಿಸುವಷ್ಟು ಸಣ್ಣವಾದ, ತಿನ್ನಲು ಯೋಗ್ಯವಾದ ಸಿಹಿನೀರಿನ ಮೀನುಗಳಿಗೆಲ್ಲ ಒಟ್ಟಾಗಿ ಬಾಣಲೆ ಮೀನುಗಳೆಂಬ ಹೆಸರುಂಟು. ಇದು ಅಡಿಗೆಮನೆಯ ಹೆಸರೇ ಹೊರತು ಶಾಸ್ತ್ರದ ಹೆಸರಲ್ಲ. ಇವುಗಳಲ್ಲಿ ಮುಖ್ಯವಾದವು ಬ್ಲೂಗಿಲ್, ರೆಡ್‌ಇಯರ್, ಕ್ರ್ಯಾಪಿ ಮತ್ತು ಹಳದಿ ಪರ್ಚ್. ಮೊದಲಿನ ಮೂರೂ ಒಂದೇ ಕುಲಕ್ಕೆ ಸೇರಿದವು; ಪರ್ಚ್ ಬೇರೆ ಕುಲದ್ದು, ಉತ್ತರದ ತಣ್ಣನೆಯ ಸರೋವರಗಳಲ್ಲಿ ವಾಸಿಸತಕ್ಕದ್ದು.

೧೯೩೫ರಲ್ಲಿ ಆ ದೇಶದ ಸರ್ಕಾರವು ಮಣ್ಣಿನ ಸಂರಕ್ಷಣೆಗಾಗಿ ಪ್ರತ್ಯೇಕ ಇಲಾಖೆಯೊಂದನ್ನು ಏರ್ಪಡಿಸಿದ ತರುವಾಯ ಹೊಲಗಳಲ್ಲಿ ಸಣ್ಣ ಕೊಳಗಳನ್ನು ಕಟ್ಟಿಕೊಳ್ಳುವುದು ಬಹಳವಾಗಿ ಹೆಚ್ಚಿತು. ಅಲಬಾಮಾ ಸಂಸ್ಥಾನದ ಆಬರ್ನ್ ಎಂಬ ಊರಿನ ಕೃಷಿ ಪ್ರಯೋಗ ಕೇಂದ್ರದಲ್ಲಿ ಎಚ್. ಎಸ್. ಸ್ವಿಂಗಲ್ ಮತ್ತು ಇ. ವಿ. ಸ್ಮಿತ್ ಎಂಬ ವಿದ್ವಾಂಸರು ಇಂಥ ಕೊಳಗಳ ವಿಷಯವಾಗಿ ಪ್ರಯೋಗಗಳನ್ನು ನಡೆಸಿ ೧೯೪೨ರಲ್ಲಿ ರೈತರಿಗಾಗಿ ಒಂದು ಕೈಪಿಡಿಯನ್ನು ಪ್ರಕಟಿಸಿದರು. ಸ್ವಿಂಗಲ್ ಮೊದಲು ಕೀಟಶಾಸ್ತ್ರದ ಕೆಲಸದಲ್ಲಿದ್ದವರು. ಬೆಳೆಯ ಲೆಕ್ಕವನ್ನು ನೀರಿಗೂ ಹಚ್ಚಿ ನೋಡಿದ್ದು ಅವರ ವೈಶಿಷ್ಟ್ಯ. ನೀರಿಗೆ ರಸಗೊಬ್ಬರವನ್ನು ಹಾಕಿ ಸೂಕ್ಷ್ಮ ಸಸ್ಯಗಳನ್ನು ಬೆಳೆಸುವುದು, ಅವುಗಳ ಆಧಾರದಿಂದ ಹುಳುಹುಪ್ಪಟೆಗಳು, ಅವುಗಳನ್ನು ತಿಂದು ಬ್ಲೂಗಿಲ್, ಬ್ಲೂಗಿಲ್ ಮರಿಗಳನ್ನು ತಿಂದು ದೊಡ್ಡಬಾಯಿಯ ಬಾಸ್ ಮೀನು - ಈ ಸರಪಣಿಯನ್ನು ಅವರು ಕಟ್ಟಿದರು. ಗೊಬ್ಬರ ಹಾಕಿದ ಕೊಳಕ್ಕೆ ಎಕರೆಗೆ ೧,೦೦೦ ಬ್ಲೂಗಿಲ್ ಮರಿಗಳನ್ನೂ ೧೦೦ ಬಾಸ್ ಮರಿಗಳನ್ನೂ ಬಿಡುವ ವಾಡಿಕೆಯು ಮುಂದೆ ಬಳಕೆಗೆ ಬಂದಿತು. ಸ್ವಿಂಗಲ್ ಅವರು ೧೯೫೦ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಬೇಟೆಯಾಡುವ ಮೀನಿನ ತೂಕ ಒಂದು ಪಾಲಾದರೆ ಅದಕ್ಕೆ ಆಹಾರವಾಗುವ ಮೀನಿನ ತೂಕವು ೩ರಿಂದ ೬ ಪಾಲು ಇರುವ ಕೊಳವೇ ಸಮತೂಕದಲ್ಲಿರುವುದು.

ರೈತನು ಬಾಸ್ ಮೀನಿನ ರುಚಿಗೆ ಮರುಳಾಗಿ ಮೊದಲ ವರ್ಷವೇ ಅದನ್ನು ಹಿಡಿದುಹಾಕಿದರೆ ಈ ತಕ್ಕಡಿಯು ಕೆಡುತ್ತದೆ. ಬ್ಲೂಗಿಲ್ ಒಂದು ಬೇಸಿಗೆಯಲ್ಲಿ ಹಲವು ಸಲ ಮೊಟ್ಟೆಯಿಡುತ್ತದೆ. ದೊಡ್ಡ ಹೆಣ್ಣೊಂದು ಹತ್ತಾರು ಸಾವಿರ ಮೊಟ್ಟೆಗಳನ್ನು ಹಾಕಬಲ್ಲುದು. ತಿನ್ನುವವರಿಲ್ಲದ ಮರಿಗಳು ಕೊಳವನ್ನು ತುಂಬಿಬಿಡುತ್ತವೆ. ಆದಕಾರಣ ಬಾಸ್ ಒಂದು ಸಲ ಮರಿ ಮಾಡುವವರೆಗೆ ಅದನ್ನು ಮುಟ್ಟದೆ, ನಡುತರದ ಬ್ಲೂಗಿಲ್‌ಗಳನ್ನು ಧಾರಾಳವಾಗಿ ತೆಗೆಯುತ್ತಿರಬೇಕೆಂಬುದೇ ಅಲ್ಲಿಯ ಉಪದೇಶ. ಎರೆಯ ಆಯ್ಕೆಯು ಪ್ರಯೋಜನಕ್ಕೆ ಬರುವುದು ಇಲ್ಲಿಯೇ. ಎರೆಯು ಮೀನನ್ನು ಆರಿಸುತ್ತದೆ. ಎರೆಯನ್ನು ಆರಿಸುವವನು ತಾನು ಯಾವ ಮೀನನ್ನು ತೆಗೆಯುತ್ತೇನೆಂಬುದನ್ನು ತಿಳಿದಿರಬೇಕು.

ಎರೆಯನ್ನು ನಿಶ್ಚಯಿಸುವ ಮುನ್ನ ಮೀನಿನ ಬಾಯನ್ನು ನೋಡತಕ್ಕದ್ದು. ಬ್ಲೂಗಿಲ್‌ನ ಮೈ ಅಂಗೈಯಗಲವಾಗಿದ್ದರೂ ಬಾಯಿ ಮಾತ್ರ ಬಹು ಕಿರಿದು. ಅದು ಆಹಾರವನ್ನು ಕಚ್ಚಿ ಹರಿಯುವುದಿಲ್ಲ. ಸಮೀಪಕ್ಕೆ ಬಂದು ನಿಂತು, ನೋಡಿ, ನೀರಿನೊಡನೆ ಒಳಕ್ಕೆ ಹೀರಿಕೊಳ್ಳುತ್ತದೆ. ದೊಡ್ಡ ಕೊಕ್ಕೆಗೆ ಗೇಣುದ್ದದ ಹುಳುವನ್ನು ಸಿಕ್ಕಿಸಿದರೆ ಅದು ತುದಿಯನ್ನು ಚೂರುಚೂರಾಗಿ ಕಿತ್ತು ತಿಂದು ಬರಿಯ ಕೊಕ್ಕೆಯನ್ನು ಬಿಟ್ಟುಹೋಗುವುದು. ಬೆಂಡು ಕುಣಿಯುತ್ತಲೇ ಇದ್ದು ಮೀನು ಮಾತ್ರ ಬಾರದಿರುವುದಕ್ಕೆ ಹೆಚ್ಚಾಗಿ ಇದೇ ಕಾರಣ. ೮ ಅಥವಾ ೧೦ನೇ ನಂಬರಿನ ಸಪುರವಾದ, ಕಾಂಡವು ಉದ್ದವಾಗಿರುವ ಕೊಕ್ಕೆಯು ಇದಕ್ಕೆ ತಕ್ಕದು. ಕೊಕ್ಕೆಗಳಲ್ಲಿ ನಂಬರು ಹೆಚ್ಚಿದಷ್ಟೂ ಗಾತ್ರವು ಕಡಿಮೆಯಾಗುವುದೆಂಬುದನ್ನು ಅಂಗಡಿಯಲ್ಲಿ ನೆನಪಿನಲ್ಲಿಡಬೇಕು.

ರೆಡ್‌ಇಯರ್ ಮೀನಿನ ಗಂಟಲಿನಲ್ಲಿ ಅರೆಯುವ ಹಲ್ಲುಗಳಿವೆ. ಅದು ತಳದ ಬಸವನಹುಳುಗಳನ್ನು ಹೆಕ್ಕಿ ಚಿಪ್ಪನ್ನು ಪುಡಿಮಾಡಿ ತಿನ್ನುತ್ತದೆ. ಆದುದರಿಂದ ನೀರಿನ ಮೇಲೆ ತೇಲುವ ಅಥವಾ ನಡುವೆ ತೂಗುವ ಎರೆಯು ಅದರ ಕಣ್ಣಿಗೆ ಬಿದ್ದರೂ ಮನಸ್ಸಿಗೆ ಬರುವುದು ಅಪರೂಪ. ತಳವನ್ನು ಮುಟ್ಟಿ ಕುಳಿತ ಎರೆಹುಳುವೇ ಅದಕ್ಕೆ ಸರಿ. ಕ್ರ್ಯಾಪಿಯ ಬಾಯಿ ಇವೆರಡಕ್ಕೂ ವಿರುದ್ಧ: ಅಗಲವಾಗಿ ತೆರೆಯತಕ್ಕದ್ದು, ಅಂಚು ಕಾಗದದಂತೆ ತೆಳುವಾದುದು. ಅದರ ಮುಖ್ಯ ಆಹಾರವು ಸಣ್ಣ ಮೀನು. ಮುಳುಗಿದ ಕೊಂಬೆಗಳ ನಡುವೆ ಗುಂಪಾಗಿ ನಿಂತು ತನಗಿಂತ ಮೇಲಿರುವುದನ್ನು ನೋಡುತ್ತಿದ್ದು, ಹೊತ್ತು ಮುಳುಗುವ ವೇಳೆಗೂ ರಾತ್ರಿಯಲ್ಲೂ ಬೇಟೆಯಾಡುವುದು ಅದರ ಸ್ವಭಾವ. ಅದಕ್ಕೆ ಎರೆಯನ್ನು ಅದು ನಿಂತಿರುವ ಮಟ್ಟಕ್ಕಿಂತ ಸ್ವಲ್ಪ ಮೇಲೆ ತೂಗಬಿಡಬೇಕೇ ಹೊರತು ಕೆಳಗಲ್ಲ. ಕಚ್ಚಿದ ಕೂಡಲೆ ಬಲವಾಗಿ ಜಗ್ಗಿದರೆ ತುಟಿ ಹರಿದು ಮೀನು ತಪ್ಪಿಹೋಗುವುದು. ಸಣ್ಣ ಕೊಳಗಳಲ್ಲಿ ಕ್ರ್ಯಾಪಿಯನ್ನು ಬಿಡಬಾರದೆಂದು ಅಲ್ಲಿಯ ತಜ್ಞರು ಎಚ್ಚರಿಸುತ್ತಾರೆ. ಅದೂ ಒತ್ತಾಗಿ ಹೆಚ್ಚಿ ಕುಳ್ಳಾಗುವ ಜಾತಿಯೇ. ಪರ್ಚ್ ಮೀನು ಕಣ್ಣಿನಿಂದ ಬೇಟೆಯಾಡುವುದಾದ್ದರಿಂದ ಕತ್ತಲಾದ ಮೇಲೆ ಎರೆಯನ್ನು ಮುಟ್ಟುವುದಿಲ್ಲ. ಹಗಲಿನಲ್ಲಿ ತಳದ ಹತ್ತಿರ ಹಿಂಡಾಗಿ ಅಲೆಯುವಾಗ ಹುಳು, ಮರಿಮೀನು ಎರಡನ್ನೂ ಹಿಡಿಯುವುದು.

ಜೀವಂತ ಎರೆಗಳಲ್ಲಿ ಮೊದಲನೆಯದು ಎರೆಹುಳುವೇ. ಕನ್ನಡದಲ್ಲಿ ಅದರ ಹೆಸರೇ ಈ ಉಪಯೋಗವನ್ನು ಸಾರುತ್ತದೆ. ಅಮೆರಿಕದಲ್ಲಿ ಎರಡು ಬಗೆಯವನ್ನು ಹೆಚ್ಚಾಗಿ ಮಾರುತ್ತಾರೆ: ರಾತ್ರಿ ಬಿಲದಿಂದ ಹೊರಬರುವ ಉದ್ದವಾದ ದಪ್ಪ ಹುಳು ಒಂದು, ಗೊಬ್ಬರದ ಗುಂಡಿಯಲ್ಲಿ ಬೆಳೆಯುವ ಸಣ್ಣ ಕೆಂಪು ಹುಳು ಇನ್ನೊಂದು. ಬ್ಲೂಗಿಲ್‌ಗೆ ಕೆಂಪು ಹುಳುವನ್ನು ಇಡಿಯಾಗಿಯೂ, ದಪ್ಪ ಹುಳುವನ್ನು ಒಂದಂಗುಲದಷ್ಟು ತುಂಡಾಗಿಯೂ ಉಪಯೋಗಿಸತಕ್ಕದ್ದು. ಕೊಕ್ಕೆಯ ಮೇಲೆ ಎರಡು ಸಲ ಚುಚ್ಚಿ ಅರ್ಧ ಅಂಗುಲದ ಬಾಲವನ್ನು ಆಡುವಂತೆ ಬಿಟ್ಟರೆ ಸಾಕು. ಉದ್ದವಾಗಿ ಬಿಟ್ಟ ಬಾಲವು ಮೀನಿಗೆ ಪುಕ್ಕಟೆ ಊಟವಾಗುವುದು. ಹುಳುಗಳನ್ನು ಒದ್ದೆ ಮಣ್ಣು ಅಥವಾ ಎಲೆಗೊಬ್ಬರದಲ್ಲಿಟ್ಟು ನೆರಳಿನಲ್ಲಿರಿಸದಿದ್ದರೆ ಒಂದು ಗಳಿಗೆಯಲ್ಲಿ ಮೆತ್ತಗಾಗಿ ಕೆಲಸಕ್ಕೆ ಬಾರದೆ ಹೋಗುತ್ತವೆ.

ದಕ್ಷಿಣದ ಸಂಸ್ಥಾನಗಳಲ್ಲಿ ಬೇಸಿಗೆಯ ಎರೆಯೆಂದರೆ ಚಿಮ್ಮಂಡೆ. ಅದನ್ನು ತಲೆಯ ಹಿಂದಿನ ಗಡುಸಾದ ಪಟ್ಟಿಯ ಕೆಳಗೆ ಸಪುರವಾದ ಕೊಕ್ಕೆಯಿಂದ ಚುಚ್ಚಿದರೆ ಬಹಳ ಹೊತ್ತು ಜೀವದಿಂದ ಕಾಲಾಡಿಸುತ್ತಿರುವುದು. ತಂತಿಯ ಜಾಲರಿಯ ಪೆಟ್ಟಿಗೆಯಲ್ಲಿಟ್ಟು ಆಲೂಗೆಡ್ಡೆಯ ಹೋಳೊಂದನ್ನು ಹಾಕಿದರೆ ಅದಕ್ಕೆ ನೀರೂ ಆಹಾರವೂ ಒದಗಿದಂತಾಗುತ್ತದೆ. ಮೇಣದ ಹುಳುವೂ ಅಲ್ಲಿ ಬಹು ಪ್ರಸಿದ್ಧ. ಜೇನುಗೂಡಿನ ರೊಟ್ಟುಗಳನ್ನು ಬಲೆ ಕಟ್ಟಿ ಹಾಳುಮಾಡುವ ಚಿಟ್ಟೆಯ ಮರಿಹುಳುವೇ ಇದು. ಕೊಡಗು, ಮಲೆನಾಡುಗಳ ಜೇನುಸಾಕಣೆಗಾರರಿಗೆ ಇದರ ಪರಿಚಯವನ್ನು ಹೇಳಬೇಕಾದುದಿಲ್ಲ. ಅವರು ಸುಟ್ಟುಹಾಕುವ ಹುಳುವನ್ನು ಅಲ್ಲಿಯವರು ಸಾಕಿ ಡಬ್ಬಿಗಳಲ್ಲಿ ಮಾರುತ್ತಾರೆ. ಬೆಳ್ಳಗೆ, ಮೆತ್ತಗೆ, ಮುಕ್ಕಾಲು ಅಂಗುಲದಷ್ಟಿರುವ ಈ ಹುಳುವು ಕಿರುಬಾಯಿಯ ಮೀನಿಗೆ ಅಳತೆ ಹಾಕಿ ಮಾಡಿದಂತಿರುತ್ತದೆ. ಹೊಟ್ಟಿನಲ್ಲಿ ಬೆಳೆಯುವ ಹಿಟ್ಟಿನ ಹುಳುವನ್ನೂ ಹೀಗೆಯೇ ಉಪಯೋಗಿಸುವುದುಂಟು. ಅದರ ಚರ್ಮವು ಗಡುಸಾದುದರಿಂದ ಕೊಕ್ಕೆಯ ಮೇಲೆ ಹೆಚ್ಚು ಕಾಲ ನಿಲ್ಲುತ್ತದೆ.

ಇವೆಲ್ಲಕ್ಕಿಂತ ವಿಚಿತ್ರವಾದುದು ಕಟಾಲ್ಪ ಮರದ ಹುಳು. ಒಂದು ಜಾತಿಯ ದೊಡ್ಡ ಪತಂಗದ ಈ ಕಂಬಳಿಯಿಲ್ಲದ ಮರಿಹುಳುವು ಕಟಾಲ್ಪ ಜಾತಿಯ ಮರದ ಎಲೆಯನ್ನಲ್ಲದೆ ಬೇರೆಯದನ್ನು ತಿನ್ನುವುದಿಲ್ಲ. ಕೆಲವು ವರ್ಷಗಳಲ್ಲಿ ಮರವನ್ನು ಪೂರ್ತಿಯಾಗಿ ಬೋಳು ಮಾಡುತ್ತದೆ. ಮರವು ಮತ್ತೆ ಚಿಗುರುತ್ತದೆ. ದಕ್ಷಿಣದ ರೈತರು ಈ ಹುಳುವಿಗಾಗಿಯೇ ಕೊಳದ ಬಳಿ ಆ ಮರವನ್ನು ನೆಡುತ್ತಾರೆ. ಕೀಟವನ್ನು ಬೆಳೆಯಾಗಿಯೂ ಮರವನ್ನು ಅದರ ಮೇವಾಗಿಯೂ ಎಣಿಸುವ ಇಂಥ ತೋಟ ಬೇರೆ ಹೆಚ್ಚಿಲ್ಲ. ಒಂದು ಸಣ್ಣ ಕಣಜವು ಈ ಹುಳುವಿನ ಮೈಯೊಳಗೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವುದರಿಂದ, ಬೇರೆಡೆ ರೈತಮಿತ್ರನೆನಿಸುವ ಕಣಜವು ಇಲ್ಲಿ ಕಳ್ಳನೆನಿಸುತ್ತದೆ. ಕೆಲವು ಹಳಬರು ಹುಳುವನ್ನು ಕಡ್ಡಿಯಿಂದ ಒಳಹೊರಗು ಮಗುಚಿ ಕೊಕ್ಕೆಗೆ ಹಾಕುವರು.

ಕ್ರ್ಯಾಪಿಗೆ ಒಂದೂವರೆಯಿಂದ ಎರಡಂಗುಲದ ಜೀವಂತ ಮರಿಮೀನೇ ಶ್ರೇಷ್ಠವಾದ ಎರೆ. ಅದನ್ನು ಎರಡು ತುಟಿಗಳನ್ನು ಸೇರಿಸಿಯೋ ಬೆನ್ನಿನ ರೆಕ್ಕೆಯ ಬಳಿ ಚರ್ಮವನ್ನು ಮಾತ್ರ ಹಿಡಿದೋ ೪ ಅಥವಾ ೬ನೇ ನಂಬರಿನ ಕೊಕ್ಕೆಗೆ ಹಾಕುತ್ತಾರೆ. ಬೆನ್ನೆಲುಬಿಗೆ ತಗಲಿದರೆ ಮರಿಯು ಆಗಲೇ ಸಾಯುವುದು.

ಇನ್ನು ಜಿಗ್ ಎಂಬ ಕೃತಕ ಎರೆಯ ಸಂಗತಿ. ಕೊಕ್ಕೆಯ ಕತ್ತಿಗೆ ಲೋಹದ ಸಣ್ಣ ಗುಂಡನ್ನು ಎರಕ ಹೊಯ್ದು, ಹಿಂದಕ್ಕೆ ಹಕ್ಕಿಯ ಗರಿ, ಜಿಂಕೆಯ ಬಾಲದ ಕೂದಲು ಅಥವಾ ಮೆತ್ತನೆಯ ಪ್ಲಾಸ್ಟಿಕ್ಕಿನ ಬಾಲವನ್ನು ಕಟ್ಟಿದರೆ ಜಿಗ್ ಆಯಿತು. ನೋಡಿದರೆ ಯಾವ ಪ್ರಾಣಿಯನ್ನೂ ಸರಿಯಾಗಿ ಹೋಲುವುದಿಲ್ಲ. ಮೀನನ್ನು ಮೋಸಗೊಳಿಸುವುದು ಅದರ ರೂಪಕ್ಕಿಂತ ಹೆಚ್ಚಾಗಿ ಅದು ಬೀಳುವ ರೀತಿ. ಬಾಣಲೆ ಮೀನುಗಳಿಗೆ ಉಪಯೋಗಿಸುವ ಜಿಗ್ಗುಗಳು ಔನ್ಸಿನ ೬೪ನೇ ಒಂದು ಪಾಲಿನಿಂದ ೧೬ನೇ ಒಂದು ಪಾಲಿನವರೆಗೆ ತೂಗುತ್ತವೆ; ಅಂದರೆ ಸುಮಾರು ಅರ್ಧ ಗ್ರಾಮಿಗೆ ಕಡಿಮೆಯಿಂದ ೧.೮ ಗ್ರಾಮಿನವರೆಗೆ. ಹಗುರವಾದುದು ನಿಧಾನವಾಗಿ ಇಳಿಯುತ್ತದೆ, ಬ್ಲೂಗಿಲ್‌ಗೆ ಹತ್ತಿರ ಬಂದು ನೋಡಿ ಹೀರಲು ವ್ಯವಧಾನ ಸಿಗುತ್ತದೆ. ಕ್ರ್ಯಾಪಿಗೆ ೩೨ನೇ ಒಂದು ಪಾಲಿನದು ಸಾಮಾನ್ಯವಾಗಿ ಹೊಂದುವುದು. ಗಾಳಿ ಬೀಸುತ್ತಿದ್ದರೆ ಅಥವಾ ನೀರು ಆಳವಾಗಿದ್ದರೆ ೧೬ನೇ ಪಾಲಿನದನ್ನು ಹಿಡಿಯಬೇಕಾಗುತ್ತದೆ. ದಾರವು ದಪ್ಪವಾಗಿದ್ದರೆ ಇಷ್ಟು ಹಗುರವಾದ ಜಿಗ್ ಸರಿಯಾಗಿ ಇಳಿಯಲಾರದು. ನಾಲ್ಕು ಪೌಂಡು ಭಾರವನ್ನು ತಡೆಯುವ ನೈಲಾನ್ ದಾರವು ಯಥೇಷ್ಟ.

ಬಣ್ಣದ ವಿಷಯದಲ್ಲಿ ಅಂಗಡಿಯವರು ಹೇಳುವುದಕ್ಕೆ ಕೊನೆಯಿಲ್ಲ. ತಿಳಿನೀರಿನಲ್ಲಿ ಬಿಳಿ, ಕಂದು ಮುಂತಾದ ಸೌಮ್ಯವಾದ ಬಣ್ಣಗಳೂ, ಕದಡಿದ ನೀರಿನಲ್ಲಿ ಎದ್ದು ಕಾಣುವ ಹಳದಿಹಸುರು ಅಥವಾ ಕಪ್ಪೂ ಇದ್ದರೆ ಬಹುಮಟ್ಟಿಗೆ ಸಾಕು. ಗಾತ್ರವೂ ಆಳವೂ ತಪ್ಪಿದರೆ ಯಾವ ಬಣ್ಣವೂ ಕೈಹಿಡಿಯುವುದಿಲ್ಲ. ಈ ಎರಡನ್ನು ತಿದ್ದಿಕೊಳ್ಳದೆ ಇಪ್ಪತ್ತು ಬಣ್ಣಗಳ ಜಿಗ್ಗುಗಳನ್ನು ಕೊಳ್ಳುವುದು ವ್ಯರ್ಥ ಖರ್ಚು. ನೀರು ತಣ್ಣಗಾದಾಗ ಮೀನಿನ ಮೈಯೂ ತಣ್ಣಗಾಗಿ ಆಹಾರವು ನಿಧಾನವಾಗಿ ಪಚನವಾಗುವುದರಿಂದ, ಚಳಿಗಾಲದಲ್ಲಿ ಎರೆಯನ್ನು ಇನ್ನೂ ಕಿರಿದು ಮಾಡಿ ಬಹು ಮೆಲ್ಲಗೆ ಆಡಿಸಬೇಕು. ಉತ್ತರದ ಸರೋವರಗಳು ಹೆಪ್ಪುಗಟ್ಟಿದಾಗ ಜನರು ಮಂಜುಗಡ್ಡೆಗೆ ತೂತು ಕೊರೆದು, ಅವರೆಕಾಳಿಗಿಂತ ಚಿಕ್ಕದಾದ ಜಿಗ್ಗಿನ ತುದಿಗೆ ಒಂದು ಮೇಣದ ಹುಳುವನ್ನು ಚುಚ್ಚಿ ಪರ್ಚ್ ಮತ್ತು ಬ್ಲೂಗಿಲ್‌ಗಳನ್ನು ಹಿಡಿಯುವರು. ಜಿಗ್ಗೂ ಹುಳುವೂ ಕೂಡಿದ ಈ ಎರೆಯು ಬೇಸಿಗೆಯಲ್ಲಿಯೂ ನಡೆಯುತ್ತದೆ.

ಹುಳುವೋ ಜಿಗ್ಗೋ ಎಂಬುದನ್ನು ತೀರ್ಮಾನಿಸುವಾಗ ಸಾಮಾನ್ಯವಾಗಿ ಮರೆತುಹೋಗುವ ಅಂಶವೊಂದುಂಟು. ಜೀವಂತ ಎರೆಯನ್ನು ಮೀನು ಆಹಾರವೆಂದೇ ನಂಬಿ ಗಂಟಲಿನವರೆಗೆ ನುಂಗುತ್ತದೆ. ಜಿಗ್ಗನ್ನು ಹಾಗೆ ನುಂಗುವುದು ಕಡಿಮೆ. ಅದು ಹೆಚ್ಚಾಗಿ ತುಟಿಗೆ ಸಿಕ್ಕುತ್ತದೆ. ಹಿಡಿದದ್ದೆಲ್ಲ ಅಡಿಗೆಮನೆಗೆ ಹೋಗುವುದಾದರೆ ಇದರಿಂದ ಭೇದವೇನೂ ಇಲ್ಲ. ಆದರೆ ಕೆಲವನ್ನು ತಿರುಗಿ ಬಿಡಬೇಕಾಗಿದ್ದರೆ ಗಂಟಲಲ್ಲಿ ಕೊಕ್ಕೆ ಸಿಕ್ಕಿದ ಮೀನು ಬದುಕುವುದು ಸಂಶಯ. ಅಂಥ ಸಮಯದಲ್ಲಿ ಕೊಕ್ಕೆಯನ್ನು ಕಿತ್ತು ತೆಗೆಯುವುದಕ್ಕಿಂತ ದಾರವನ್ನು ಬಾಯ ಬಳಿ ಕತ್ತರಿಸಿ ಬಿಡುವುದೇ ಮೀನಿಗೆ ಕ್ಷೇಮ.

ತಿರುಗಿ ಬಿಡಬೇಕಾದ ಮೀನು ಯಾವುದು? ಸಣ್ಣದನ್ನು ಬಿಟ್ಟು ದೊಡ್ಡದನ್ನು ತರಬೇಕೆಂಬುದು ಲೋಕರೂಢಿ. ಬ್ಲೂಗಿಲ್‌ನ ವಿಷಯದಲ್ಲಿ ಈ ರೂಢಿಯು ಕೆಡುಕನ್ನೇ ಮಾಡಿದೆ. ನೀರು ಸುಮಾರು ೭೦ ಡಿಗ್ರಿ ಫಾರನ್‌ಹೀಟಿಗೆ ಬಂದಾಗ ದೊಡ್ಡ ಗಂಡುಗಳು ದಡದ ಬಳಿ ಬಾಲದಿಂದ ತಳವನ್ನು ಗುಡಿಸಿ ತಟ್ಟೆಯಂಥ ಗೂಡುಗಳನ್ನು ಮಾಡಿ ಮೊಟ್ಟೆಗಳನ್ನು ಕಾಯುತ್ತವೆ. ಆಗ ಅವು ಹತ್ತಿರ ಬಂದ ಯಾವ ಎರೆಯ ಮೇಲಾದರೂ ಎರಗುವುದರಿಂದ ಹಿಡಿಯುವುದು ಅತಿ ಸುಲಭ. ಇವುಗಳನ್ನು ವರ್ಷವರ್ಷವೂ ತೆಗೆಯುತ್ತ ಹೋದರೆ, ಎದುರಿಸುವ ದೊಡ್ಡ ಗಂಡುಗಳಿಲ್ಲದ ಕಾರಣ ಉಳಿದ ಗಂಡುಗಳು ಬೆಳವಣಿಗೆಯನ್ನು ನಿಲ್ಲಿಸಿ ಚಿಕ್ಕ ವಯಸ್ಸಿಗೇ ಮರಿಮಾಡಲು ತೊಡಗುತ್ತವೆ. ಇಡೀ ನೀರಿನ ಮೀನು ಕಿರಿದಾಗುತ್ತದೆ. ಈ ತಿಳಿವಳಿಕೆಯಿಂದಲೇ ಮಿನ್ನೆಸೋಟಾ ಸಂಸ್ಥಾನದವರು ಕೆಲವು ಆರಿಸಿದ ಸರೋವರಗಳಲ್ಲಿ ಒಬ್ಬನು ಒಂದು ದಿನಕ್ಕೆ ೫ ಅಥವಾ ೧೦ ಬ್ಲೂಗಿಲ್ ಜಾತಿಯ ಮೀನುಗಳನ್ನು ಮಾತ್ರ ಇಟ್ಟುಕೊಳ್ಳಬಹುದೆಂದು ನಿಯಮಿಸಿದ್ದಾರೆ. ಆದುದರಿಂದ ಗೂಡುಗಳಿರುವ ಕಾಲದಲ್ಲಿ ಗಾಳ ಹಾಕುವವನು ಜಿಗ್ಗನ್ನು ಹಿಡಿದು, ದೊಡ್ಡ ಗಂಡುಗಳನ್ನು ಬಿಟ್ಟು, ಐದಾರು ಅಂಗುಲದವುಗಳನ್ನು ಬುಟ್ಟಿಗೆ ಹಾಕತಕ್ಕದ್ದು. ಒತ್ತಾಗಿ ತುಂಬಿದ ಕೊಳದಲ್ಲಿ ಸಣ್ಣ ಮೀನನ್ನು ತೆಗೆಯಬೇಕಾದಾಗ ಹುಳುವಿನ ತುಂಡನ್ನು ಉಪಯೋಗಿಸತಕ್ಕದ್ದು. ಎರಡಂಗುಲದ ಮರಿಗಳ ಗುಂಪನ್ನು ಗಾಳದಿಂದ ಕಡಿಮೆ ಮಾಡುವ ಆಸೆ ಬೇಡ. ಅದು ಬಾಸ್ ಮೀನಿನ ಕೆಲಸ, ಅಥವಾ ಬಲೆಯ ಕೆಲಸ.

ಸಂಜೆಗೆ ಉಳಿದ ಎರೆಯನ್ನು ಏನು ಮಾಡಬೇಕೆಂಬುದೂ ಎರೆಯ ಆಯ್ಕೆಯಷ್ಟೇ ವಿಚಾರಾರ್ಹವಾದುದು. ಮಿನ್ನೆಸೋಟಾ ಮೊದಲಾದ ಉತ್ತರ ಪ್ರಾಂತಗಳು ಹಿಂದೆ ಹಿಮರಾಶಿಯ ಕೆಳಗಿದ್ದ ಕಾರಣ ಅಲ್ಲಿಯ ಕಾಡುಗಳಲ್ಲಿ ಸ್ವದೇಶೀ ಎರೆಹುಳುಗಳೇ ಇರಲಿಲ್ಲ. ಯೂರೋಪಿನ ವಲಸೆಗಾರರೊಡನೆ ಬಂದ ಹುಳುಗಳು, ಗಾಳದವರು ದಡದಲ್ಲಿ ಚೆಲ್ಲಿಹೋದ ಎರೆಯ ಮೂಲಕ ಕಾಡಿನೊಳಕ್ಕೂ ಹಬ್ಬಿದವು. ಅವು ನೆಲದ ಮೇಲಿನ ದಪ್ಪನಾದ ಎಲೆಹಾಸನ್ನು ತಿಂದು ತೀರಿಸಿದ್ದರಿಂದ ಆ ಹಾಸಿನಲ್ಲಿ ಮೊಳೆಯುತ್ತಿದ್ದ ಸಸ್ಯಗಳು ಕ್ಷೀಣಿಸಿವೆ. ಹೊಲದಲ್ಲಿ ಬೇಸಾಯಗಾರನಿಗೆ ನೆರವಾಗುವ ಹುಳುವೇ ಆ ಕಾಡಿಗೆ ಹಾನಿಕರವಾಯಿತು. ೨೦೦೫ರಿಂದೀಚೆಗೆ ಅಲ್ಲಿಯ ಮಹಾಸರೋವರಗಳಲ್ಲಿ ಮೀನುಗಳಿಗೆ ರಕ್ತಸ್ರಾವವುಂಟುಮಾಡುವ ವಿಷಾಣು ರೋಗವು ಕಾಣಿಸಿಕೊಂಡ ಮೇಲೆ, ಮರಿಮೀನುಗಳನ್ನೂ ಅವುಗಳ ನೀರನ್ನೂ ಒಂದು ಕಡೆಯಿಂದ ಮತ್ತೊಂದು ಕಡೆಗೆ ಒಯ್ಯುವುದರ ಮೇಲೆ ನಿರ್ಬಂಧಗಳು ಬಂದಿವೆ. ಉಳಿದ ಎರೆಯನ್ನು ಕಸದ ತೊಟ್ಟಿಗೆ ಹಾಕಬೇಕೇ ಹೊರತು ನೀರಿಗೂ ದಡಕ್ಕೂ ಅಲ್ಲ. ಜಿಗ್ಗಿನ ಸೀಸವೂ ನಿರಪಾಯವಲ್ಲ. ಲೂನ್ ಎಂಬ ಮುಳುಗುಹಕ್ಕಿಗಳು ಅದನ್ನು ನುಂಗಿ ವಿಷವೇರಿ ಸಾಯುವುದನ್ನು ಕಂಡು ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನವು ೨೦೧೬ರಿಂದ ಒಂದು ಔನ್ಸು ಮತ್ತು ಅದಕ್ಕೆ ಕಡಿಮೆ ತೂಕದ ಸೀಸದ ಜಿಗ್ಗುಗಳನ್ನು ನಿಷೇಧಿಸಿದೆ. ತವರ, ಬಿಸ್ಮತ್, ಟಂಗ್‌ಸ್ಟನ್‌ಗಳಿಂದ ಮಾಡಿದವು ಈಗ ದೊರೆಯುತ್ತವೆ. ಸೀಸದ ಗುಂಡನ್ನು ದಾರಕ್ಕೆ ಹಲ್ಲಿನಿಂದ ಕಚ್ಚಿ ಬಿಗಿಯುವ ಅಭ್ಯಾಸವನ್ನು ಯಾವ ದೇಶದಲ್ಲಿಯೇ ಆಗಲಿ ಬಿಡಿಸಬೇಕು.

ಬ್ಲೂಗಿಲ್ ಮೀನು ಇಷ್ಟು ಸುಲಭವಾಗಿ ಬೆಳೆಯುವುದಾದರೆ ನಮ್ಮ ನಾಡಿನ ಹೊಂಡಗಳಿಗೂ ಏಕೆ ತರಿಸಬಾರದೆಂದು ವಾಚಕರಿಗೆ ತೋರಬಹುದು. ಜಪಾನಿನ ಅನುಭವವು ಇದಕ್ಕೆ ಉತ್ತರ. ೧೯೬೦ರಲ್ಲಿ ಆಗ ಯುವರಾಜರಾಗಿದ್ದ ಅಕಿಹಿತೊ ಅವರಿಗೆ ಷಿಕಾಗೋ ನಗರದ ಮೇಯರರು ಈ ಮೀನನ್ನು ಕಾಣಿಕೆಯಾಗಿ ಕೊಟ್ಟರು. ಆಹಾರಕ್ಕಾದೀತೆಂದು ಸಾಕಿದ ಮೀನು ಬಿವಾ ಸರೋವರವೇ ಮೊದಲಾದ ನೀರುಗಳಿಗೆ ಹಬ್ಬಿ ಸ್ಥಳೀಯ ಮೀನುಗಳಿಗೆ ಕಂಟಕವಾಯಿತು. ೨೦೦೭ರಲ್ಲಿ ಚಕ್ರವರ್ತಿಗಳಾಗಿದ್ದ ಅವರು ಈ ಬಗ್ಗೆ ಬಹಿರಂಗವಾಗಿ ವ್ಯಥೆಯನ್ನು ವ್ಯಕ್ತಪಡಿಸಿದರು.

ಅಂಥದೇ ಒಂದು ಮೀನು ಈ ನಾಡಿನಲ್ಲಿ ಆಗಲೇ ನೆಲೆಸಿದೆ. ೧೯೫೨ರಲ್ಲಿ ಭಾರತಕ್ಕೆ ತರಲ್ಪಟ್ಟ ತಿಲಾಪಿಯಾ, ಜನರ ಬಾಯಲ್ಲಿ ಜಿಲೇಬಿ ಮೀನು, ಕರ್ನಾಟಕದ ಅನೇಕ ಕೆರೆಗಳಲ್ಲಿ ಬ್ಲೂಗಿಲ್‌ನಂತೆಯೇ ಒತ್ತಾಗಿ ಹೆಚ್ಚಿ ಕುಳ್ಳಾಗಿ ನಿಂತಿದೆ. ೨೦೧೪ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯಿಂದೀಚೆಗೆ ಕೃಷಿಹೊಂಡಗಳು ಹೆಚ್ಚಿವೆ. ಇಂಥ ಹೊಂಡದಲ್ಲಿ ಕಾಟ್ಲಾ, ರೋಹು ಮರಿಗಳನ್ನು ಬಿಟ್ಟ ರೈತನ ನೀರಿಗೆ ಜಿಲೇಬಿಯು ಸೇರಿಕೊಂಡರೆ, ಮರಿಗಳಿಗೆ ಹಾಕಿದ ಮೇವಿನಲ್ಲಿ ಅದೂ ಪಾಲುಗಾರನಾಗುವುದು. ಮೇಲೆ ಹೇಳಿದ ಬಾಯಿಯ ನಿಯಮವು ಇದಕ್ಕೂ ಸಲ್ಲುತ್ತದೆ. ೧೦ನೇ ನಂಬರಿನ ಕೊಕ್ಕೆ, ಅರ್ಧ ಅಂಗುಲದ ಎರೆಹುಳು ಅಥವಾ ಗಟ್ಟಿಯಾಗಿ ಕಲಸಿದ ಹಿಟ್ಟಿನ ಸಣ್ಣ ಉಂಡೆ, ಒಂದು ಬೆಂಡು, ಒಂದು ಬಿದಿರು ಕೋಲು ಇಷ್ಟಿದ್ದರೆ ಮನೆಯ ಹುಡುಗರು ಸಂಜೆಯ ಹೊತ್ತು ಉಪಯುಕ್ತವಾದ ಕೆಲಸವನ್ನೇ ಮಾಡಿದಂತಾಗುವುದು. ಆಳವಿಲ್ಲದ ಅಂಚಿನಲ್ಲಿ ಜಿಲೇಬಿಯು ತೋಡಿದ ಕುಳಿಗಳು ಕಾಣುವಲ್ಲಿ ಗಾಳ ಹಾಕಬೇಕು. ಮೀನಿನ ಹಕ್ಕು ಗುತ್ತಿಗೆಗೆ ಹೋಗಿರುವ ಕೆರೆಗಳಲ್ಲಿ ಮೊದಲು ಗುತ್ತಿಗೆದಾರರ ಅನುಮತಿಯನ್ನು ಪಡೆಯತಕ್ಕದ್ದು.

ಬ್ಲೂಗಿಲ್‌ಗೂ ಇದಕ್ಕೂ ಒಂದು ಭೇದವಿದೆ. ಇದು ಪರದೇಶದ ಮೀನಾದುದರಿಂದ ದೊಡ್ಡದಾಗಲಿ ಸಣ್ಣದಾಗಲಿ ಹಿಡಿದುದನ್ನು ಹೊಂಡಕ್ಕೆ ತಿರುಗಿ ಬಿಡಬೇಕಾದ ಕಾರಣವಿಲ್ಲ. ಹೆಣ್ಣು ಜಿಲೇಬಿಯು ಮೊಟ್ಟೆಗಳನ್ನೂ ಮರಿಗಳನ್ನೂ ಬಾಯಲ್ಲಿಟ್ಟುಕೊಂಡು ಕಾಯುತ್ತದೆ. ಅಂಥ ಒಂದೇ ಒಂದು ಹೆಣ್ಣು ಇನ್ನೊಂದು ಹೊಂಡವನ್ನು ತುಂಬಿಸಲು ಸಾಕು. ಆದಕಾರಣ ಹಿಡಿದ ಜಿಲೇಬಿಯನ್ನು ಕೊಡದ ನೀರಿನಲ್ಲಿ ಜೀವಸಹಿತ ಊರಿಗೆ ಒಯ್ಯದೆ ದಡದಲ್ಲಿಯೇ ಕೊಂದು ಬುಟ್ಟಿಗೆ ಹಾಕತಕ್ಕದ್ದು.